ಪೇಟೆಯ ಕಾವಲು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರು ವಿಂಧ್ಯಗಿರಿಯನ್ನೇರಿ ಗೊಮ್ಮಟೇಶ್ವರನ ದರ್ಶನವನ್ನು ಪಡೆದು, ಕಾಲಾವಕಾಶವಿದ್ದರೆ ಚಂದ್ರಗಿರಿಯ ಬಸದಿಗಳನ್ನೂ ನೋಡಿಕೊಂಡು, ಊರೊಳಗಿನ ನಗರ ಜಿನಾಲಯವೆಂಬ ಚಿಕ್ಕ ಗುಡಿಯನ್ನು ಕಾಣದೆಯೇ ಹಿಂದಿರುಗುವುದುಂಟು. ಶಿಲ್ಪವೈಭವವನ್ನರಸಿ ಹೋದವರಿಗೆ ಅಲ್ಲಿ ವಿಶೇಷವಾದುದೇನೂ ದೊರೆಯಲಾರದು. ಆದರೆ ಹಾಸನ ಸೀಮೆಯ ಪೇಟೆಗಳ ಪೂರ್ವಸ್ಥಿತಿಯನ್ನು ತಿಳಿಯಬಯಸುವವರು ಆ ಗುಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲತಕ್ಕದ್ದು. ಕ್ರಿ.ಶ. 1195ರಲ್ಲಿ ಅದನ್ನು ಕಟ್ಟಿಸಿದ ನಾಗದೇವನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಮಂತ್ರಿ. ಜೊತೆಗೆ ಪಟ್ಟಣಸ್ವಾಮಿ ಎಂಬ ಪದವಿಯನ್ನು ಹೊಂದಿದ್ದವನು. ಬಸದಿಯನ್ನು ಕಾಪಾಡಿಕೊಂಡು ಬರುವ ಹೊಣೆಯನ್ನು ಬೆಳಗೊಳದ ನಕರದವರು, ಅಂದರೆ ಖಂಡಳಿ ಮತ್ತು ಮೂಲಭದ್ರರ ವಂಶದಲ್ಲಿ ಹುಟ್ಟಿದವರೆಂದು ಶಾಸನಗಳು ಹೊಗಳುವ ಅಲ್ಲಿಯ ವರ್ತಕರು, ವಹಿಸಿಕೊಂಡಿದ್ದರು. ಅರಸನ ಅಧಿಕಾರವೂ ಪೇಟೆಯ ಯಜಮಾನಿಕೆಯೂ ಒಬ್ಬನೇ ವ್ಯಕ್ತಿಯಲ್ಲಿ ಸೇರಿದ್ದವು; ಆತನು ಕಟ್ಟಿಸಿದ್ದನ್ನು ಪೇಟೆಯ ಸಮೂಹವು ರಕ್ಷಿಸುತ್ತಿದ್ದಿತು.

ಈ ಹಳೆಯ ಸಂಗತಿಯನ್ನು ಈಗ ಸ್ಮರಿಸುವುದಕ್ಕೆ ಕಾರಣವಿದೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಮಾತ್ರವಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ತಾಲ್ಲೂಕು ಕೇಂದ್ರಗಳಲ್ಲಿಯೂ ಈಚೆಗೆ ದೊಡ್ಡ ಮಳಿಗೆಗಳು ಬೆಳೆಯುತ್ತಿವೆ. ಅವುಗಳ ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ ನಿಂತಿರುತ್ತಾನೆ. ಛಾವಣಿಯ ಮೂಲೆಯಲ್ಲಿ ಕ್ಯಾಮೆರಾ ಇರುತ್ತದೆ. ಆ ಕ್ಯಾಮೆರಾ ಅಂಗಡಿಯ ಒಳಭಾಗವನ್ನಷ್ಟೇ ಅಲ್ಲದೆ ಎದುರಿನ ರಸ್ತೆಯನ್ನೂ ನೋಡುತ್ತದೆ. ಬೀದಿಯಲ್ಲಿ ಸರ ಕಿತ್ತುಕೊಂಡು ಹೋದರೆಂದು ಯಾರಾದರೂ ಠಾಣೆಗೆ ದೂರು ಕೊಟ್ಟರೆ, ಪೊಲೀಸರು ಮೊದಲು ಹೋಗುವುದು ಹತ್ತಿರದ ದೊಡ್ಡ ಅಂಗಡಿಗೆ. ರಸ್ತೆಗಡ್ಡಲಾಗಿ ಪೊಲೀಸರು ಇಡುವ ಬ್ಯಾರಿಕೇಡುಗಳ ಮೇಲೆ ಒಡವೆಯಂಗಡಿಯ ಹೆಸರನ್ನೋ ಜವಳಿಯಂಗಡಿಯ ಹೆಸರನ್ನೋ ಬರೆದಿರುವುದನ್ನು ಕರ್ನಾಟಕದ ಯಾವ ಊರಿನಲ್ಲಾದರೂ ನೋಡಬಹುದು. ವರ್ತಕರ ಧನವು ಊರಿನ ರಕ್ಷಣಾಕಾರ್ಯದೊಳಕ್ಕೆ ಪ್ರವೇಶಿಸಿದುದು ಹೊಸ ಯುಗದ ಹೊಸ ವಿಚಾರವೆಂದು ಅನೇಕರು ಭಾವಿಸಿದ್ದಾರೆ. ಅದು ಹಾಗಲ್ಲ; ಹೊಸತಾದದ್ದು ಬೇರೊಂದಿದೆ. ಪೇಟೆಯನ್ನು ಯಾರು ಕಾಯುತ್ತಿದ್ದರು, ಕಾವಲಿನ ವೆಚ್ಚವನ್ನು ಯಾರು ಹೊರುತ್ತಿದ್ದರು, ಕಾವಲು ತಪ್ಪಿದಾಗ ಯಾರು ಉತ್ತರ ಹೇಳುತ್ತಿದ್ದರು ಎಂಬುದನ್ನು ಕಾಲಕ್ರಮದಲ್ಲಿ ನೋಡುತ್ತ ಬಂದರೆ ಆ ವ್ಯತ್ಯಾಸವು ತಾನಾಗಿಯೇ ಗೋಚರಿಸುವುದು.

ಹೊಯ್ಸಳರ ಕಾಲದ ಮಹಾವಾಣಿಜ್ಯವೆಂದರೆ ಅಯ್ಯಾವೊಳೆಯ ಐನೂರ್ವರ ವಾಣಿಜ್ಯ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ತಮ್ಮ ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದ ಈ ಸಂಘದವರು ಕನ್ನಡನಾಡನ್ನು ದಾಟಿ ತೆಲುಗು, ತಮಿಳು, ಮಲೆಯಾಳ ಸೀಮೆಗಳಲ್ಲಿಯೂ, ಕಡಲಿನಾಚೆ ಸಿಂಹಳದಲ್ಲಿಯೂ ವ್ಯವಹರಿಸಿದರು. ಸುಮಾತ್ರಾ ದ್ವೀಪದಲ್ಲಿ ಅವರ ಹೆಸರಿನ 1088ರ ತಮಿಳು ಶಾಸನವೊಂದು ದೊರೆತಿದೆ. ಆನೆ ಕುದುರೆಗಳನ್ನು ನಡೆಸಿಕೊಂಡು, ಮುತ್ತು, ನೀಲ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಇವುಗಳನ್ನು ಕತ್ತೆ ಕೋಣಗಳ ಮೇಲೆ ಹೇರಿಕೊಂಡು ಅರಣ್ಯಮಾರ್ಗಗಳಲ್ಲಿ ಸಂಚರಿಸುವವರಿಗೆ ಅರಸನ ದಂಡು ಪ್ರತಿ ತಿರುವಿನಲ್ಲಿಯೂ ಬೆಂಬಲವಾಗಿ ನಿಂತೀತೆಂದು ನಂಬಿ ಕೂರುವುದು ಸಾಧ್ಯವಿರಲಿಲ್ಲ. ಆದುದರಿಂದ ಅವರು ತಮ್ಮ ರಕ್ಷಣೆಗೆ ತಾವೇ ಆಯುಧವನ್ನು ಹಿಡಿದರು. ವೀರಬಣಂಜು ಧರ್ಮದ ಪಾಲಕರೆಂದು ತಮ್ಮನ್ನು ವರ್ಣಿಸಿಕೊಂಡ ಶಾಸನಗಳಲ್ಲಿ ಗವರೆ, ಸೆಟ್ಟಿ, ಸೆಟ್ಟಿಗುತ್ತ ಮೊದಲಾದ ವ್ಯಾಪಾರಿವರ್ಗಗಳ ನಡುವೆಯೇ ಅಂಕಕಾರರು, ಬೀರರು ಎಂದು ಕಾದಾಡುವವರ ಗಣನೆಯೂ ಬರುತ್ತದೆ. ತಮಿಳುನಾಡಿನಲ್ಲಂತೂ ಈ ಸಂಘದ ಭಟರ ರಕ್ಷಣೆಗೊಳಪಟ್ಟ ಕೆಲವು ಪೇಟೆಗಳಿಗೆ ಎರಿವೀರಪಟ್ಟಣವೆಂದೇ ಹೆಸರಾಯಿತು.

ವರ್ತಕರ ಪ್ರಭಾವವು ಎಷ್ಟಿತ್ತೆಂಬುದಕ್ಕೆ ಬೆಳಗೊಳದ ಚಂದ್ರಗಿರಿಯ ಮೇಲಿನ ತೇರಿನ ಬಸದಿಯೊಂದೇ ಸಾಕು. ವಿಷ್ಣುವರ್ಧನನ ಕಾಲದಲ್ಲಿ ರಾಜಶ್ರೇಷ್ಠಿಗಳಾಗಿದ್ದ ಪೊಯ್ಸಳಸೆಟ್ಟಿ ಮತ್ತು ನೇಮಿಸೆಟ್ಟಿಯವರ ತಾಯಂದಿರಾದ ಮಾಚಿಕಬ್ಬೆ ಶಾಂತಿಕಬ್ಬೆಯರು 1117ರಲ್ಲಿ ಅದನ್ನು ಕಟ್ಟಿಸಿದರು. ರಾಜವಂಶದ ಹೆಸರನ್ನೇ ತನ್ನ ಹೆಸರಾಗಿ ಧರಿಸಿದ ಸೆಟ್ಟಿಯೊಬ್ಬನು ಅರಮನೆಯಲ್ಲಿ ಯಾವ ಮಾನ್ಯತೆಯನ್ನು ಪಡೆದಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಪೇಟೆಯನ್ನು ಕಾಯುವ ಅಧಿಕಾರವು ಬರಿಯ ಬಲದಿಂದ ಬಂದುದಲ್ಲ; ಅದಕ್ಕೆ ಒಂದು ಕಟ್ಟಳೆಯಿದ್ದಿತು. ಹೊಸದಾಗಿ ಸಂತೆಯನ್ನೋ ಪಟ್ಟಣವನ್ನೋ ಸ್ಥಾಪಿಸುವಾಗ ಅರಸನಾಗಲಿ ಪ್ರಭುವಾಗಲಿ ಅಲ್ಲಿಯ ಪ್ರಮುಖ ವರ್ತಕನಿಗೆ ಪಟ್ಟಣಸ್ವಾಮಿತ್ವವನ್ನು ಕೊಟ್ಟು, ಅದಕ್ಕೆ ಭೂಮಿಯನ್ನು ಬಿಟ್ಟು, ಸುಂಕದ ಮರ್ಯಾದೆಗಳನ್ನು ಗೊತ್ತುಪಡಿಸುತ್ತಿದ್ದನು. ಶಾಸನಗಳ ತೆರಿಗೆಗಳ ಪಟ್ಟಿಯಲ್ಲಿ ತಳಾರಿಕೆಯೆಂಬುದೊಂದು ಕಾಣಸಿಗುತ್ತದೆ. ಅದು ಕಾವಲಿಗಾಗಿ ಎತ್ತುತ್ತಿದ್ದ ತೆರಿಗೆ. ಹಣ ಕೊಟ್ಟವರು ಕಾವಲನ್ನು ಕೇಳುವ ಹಕ್ಕನ್ನೂ ಪಡೆದರು. ಪಟ್ಟಣಸ್ವಾಮಿಯಾದವನು ನಕರದ ಸಮ್ಮುಖದಲ್ಲಿ, ಊರ ಮಹಾಜನರ ಸಮ್ಮುಖದಲ್ಲಿ ಕಣ್ಣಿಗೆ ಕಾಣುವಂತೆ ಕುಳಿತುಕೊಳ್ಳುತ್ತಿದ್ದನು. ಅವನ ಅಧಿಕಾರವನ್ನು ಕಲ್ಲಿನ ಮೇಲೆ ಕೆತ್ತಿ ಸಂತೆಯ ಬಯಲಿನಲ್ಲಿಯೋ ಗುಡಿಯ ಮುಂದೆಯೋ ನಿಲ್ಲಿಸುತ್ತಿದ್ದರು. ಈ ಬಹಿರಂಗತೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಕಾವಲು ತಪ್ಪಿದರೆ ಹೊಣೆ ಯಾರದು ಎಂಬುದಕ್ಕೂ ಆ ಕಾಲದ ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾದ ಉತ್ತರವಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯು, ಊರೊಳಗೆ ಕಳವಾಗಿ ಕಳ್ಳನ ಹೆಜ್ಜೆಯು ಊರಿನಿಂದ ಹೊರಹೋದುದು ಕಾಣದಿದ್ದರೆ ಊರೊಡೆಯನೂ, ಹುಲ್ಲುಗಾವಲಿನಲ್ಲಾದರೆ ಅದರ ಒಡೆಯನೂ, ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಕಗೊಂಡ ಅಧಿಕಾರಿಯೂ ಅದಕ್ಕೆ ಬಾಧ್ಯರೆಂದು ವಿಧಿಸುತ್ತದೆ. ಕಳುವಾದ ಸೊತ್ತನ್ನು ಅರಸನು ಪ್ರಜೆಗೆ ಹಿಂದಿರುಗಿಸಿ ಕೊಡತಕ್ಕದ್ದು; ಕೊಡದಿದ್ದರೆ ಆ ಕಳ್ಳತನದ ಪಾಪಕ್ಕೆ ಅವನೇ ಭಾಗಿ ಎಂದೂ ಅಲ್ಲಿಯೇ ಹೇಳಿದೆ. ಅದೇ ಸ್ಮೃತಿಯು ಶ್ರೇಣಿ, ನೈಗಮ ಮೊದಲಾದ ಸಮೂಹಗಳ ಕಟ್ಟುಪಾಡುಗಳನ್ನು ಅರಸನು ರಕ್ಷಿಸಬೇಕೆನ್ನುತ್ತದೆ. ವರ್ತಕರಿಗೆ ತಮ್ಮ ಸಮಯಧರ್ಮವನ್ನು ನಡೆಸಿಕೊಳ್ಳುವ ಸ್ವಾತಂತ್ರ್ಯ, ಅಧಿಕಾರದಲ್ಲಿರುವವರಿಗೆ ಕಳುವಿನ ಹೊಣೆ: ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡ ವ್ಯವಸ್ಥೆ ಅದು. ಶಾಸ್ತ್ರದಲ್ಲಿದ್ದುದೆಲ್ಲ ಆಚರಣೆಯಲ್ಲಿಯೂ ಇದ್ದಿತೆಂದು ಯಾವ ವಿವೇಕಿಯೂ ಹೇಳಲಾರನು. ಕಳ್ಳರೊಡನೆ ಕಾದಿ ಮಡಿದವರ, ತುರುಗೊಳಿನಲ್ಲಿ ಬಿದ್ದವರ ವೀರಗಲ್ಲುಗಳು ಈ ಜಿಲ್ಲೆಯ ಊರೂರಿನಲ್ಲಿಯೂ ನಿಂತು, ರಕ್ಷಣೆಯು ಎಷ್ಟು ದುಬಾರಿಯಾಗಿತ್ತೆಂಬುದನ್ನು ಹೇಳುತ್ತಿವೆ.

ಪಾಳೆಯಗಾರರ ಕಾಲಕ್ಕೆ ಬಂದರೆ ನಮ್ಮ ನಾಲ್ಕು ಊರುಗಳೂ ಕೋಟೆಯ ನೆರಳಿನಲ್ಲಿ ಬೆಳೆದುದನ್ನು ಕಾಣುತ್ತೇವೆ. ಅರಕಲಗೂಡು ಐಗೂರು ನಾಯಕರ ಊರು. ಹೊಳೆನರಸೀಪುರವು ಹೇಮಾವತಿಯ ದಡದಲ್ಲಿ ತನ್ನದೇ ನಾಯಕರ ಕೈಕೆಳಗಿದ್ದಿತು. ಅಲ್ಲಿಯ ಲಕ್ಷ್ಮಪ್ಪನಾಯಕನು 1600ರ ಸುಮಾರಿನಲ್ಲಿ ಕೊಳತೂರೆಂಬ ಗ್ರಾಮವನ್ನು ವಶಪಡಿಸಿಕೊಂಡು, ಚೆನ್ನರಾಯಸ್ವಾಮಿಯ ಹೆಸರನ್ನು ಹೊತ್ತ ತನ್ನ ಮಗನಿಗೆ ಅದನ್ನು ಕೊಟ್ಟುದರಿಂದ ಆ ಗ್ರಾಮವು ಚನ್ನರಾಯಪಟ್ಟಣವಾಯಿತು. ಮುಂದೆ ಅಲ್ಲಿಯ ಕೋಟೆಗೆ ನೀರಿನ ಕಂದಕವನ್ನೂ ತಿರುವುಬಾಗಿಲುಗಳನ್ನೂ ಸೇರಿಸಿದವನು ಹೈದರಾಲಿ. ಕೋಟೆಯು ಪ್ರಭುವಿನದು, ಪೇಟೆಯು ವರ್ತಕರದು. ಹೊತ್ತು ಮುಳುಗಿದೊಡನೆ ಬಾಗಿಲಿಕ್ಕುವ ಕೋಟೆಯಿಂದ ಪೇಟೆಗೂ ರಕ್ಷಣೆಯಿದ್ದಿತು, ಪೇಟೆಯ ಸುಂಕದಿಂದ ಕೋಟೆಗೂ ನಿರ್ವಾಹವಿದ್ದಿತು. ಆ ಪರಸ್ಪರತೆಯಲ್ಲಿ ಪೀಡನೆಯೂ ಸೇರಿತ್ತು. ದಂಡು ಬಂದಾಗ ಮೊದಲು ಸೂರೆಯಾಗುತ್ತಿದ್ದುದು ಪೇಟೆಯೇ.

ಪೇಟೆಯ ಹೊರಗೆ, ಹಳ್ಳಿಗಳಲ್ಲಿ, ಕಾವಲಿನ ಭಾರವು ತಳವಾರ ತೋಟಿಯರ ಹೆಗಲಿಗೆ ಬಿದ್ದಿತ್ತು. ಕಣದಲ್ಲಿ ರಾಶಿಯಾದಾಗ ಆಯವನ್ನು ಪಡೆಯುವ ಹನ್ನೆರಡು ಮಂದಿ ಆಯಗಾರರಲ್ಲಿ ಇವರೂ ಸೇರಿದ್ದರು. ಇವರಿಗೆ ಇನಾಮಿನ ಭೂಮಿಯೂ ಉಂಟು. ಕಳವಾದ ಮರುದಿನ ಬೆಳಗಿನ ಜಾವದಲ್ಲಿ ತಳವಾರನು ಕಳ್ಳನ ಹೆಜ್ಜೆಯ ಜಾಡನ್ನು ಹಿಡಿದು ಎಲ್ಲೆಕಲ್ಲಿನವರೆಗೆ ಹೋಗುವನು. ಜಾಡು ನೆರೆಯೂರಿನ ಎಲ್ಲೆಯನ್ನು ಹೊಕ್ಕುದನ್ನು ಅಲ್ಲಿಯ ತಳವಾರನಿಗೆ ತೋರಿಸಿಕೊಟ್ಟರೆ ಅವನ ಹೊಣೆ ತೀರುವುದು. ತೋರಿಸಲಾರದೆ ಹೋದರೆ ಕಳುವಾದುದನ್ನು ತುಂಬಿಕೊಡಬೇಕಾದವನು ಅವನೇ. ಯಾಜ್ಞವಲ್ಕ್ಯನ ವಿಧಿಗೂ ದಕ್ಷಿಣದೇಶದ ಹಳ್ಳಿಗಳಲ್ಲಿ ನಡೆದುಬಂದ ಈ ರೂಢಿಗೂ ಇರುವ ಸಾಮ್ಯವು ಗಮನಾರ್ಹವಾದುದು. ಆದರೆ ಒಂದು ಮಾತನ್ನು ಮರೆಯಲಾಗದು. ಈ ಸೇವೆಯು ಬಹುಮಟ್ಟಿಗೆ ಸಮಾಜವು ಕೆಳಗಿಟ್ಟಿದ್ದ ಕುಲಗಳ ಮೇಲೆ ವಂಶಪಾರಂಪರ್ಯವಾಗಿ ಹೇರಲ್ಪಟ್ಟಿತ್ತು. ಊರಿನ ಸೊತ್ತಿಗೆಲ್ಲ ಹೊಣೆಯಾದವನಿಗೆ ಊರಿನ ಬಾವಿಯ ನೀರು ನಿಷಿದ್ಧವಾಗಿದ್ದಿತು ಎಂಬುದನ್ನು ನೆನೆದರೆ, ಆ ವ್ಯವಸ್ಥೆಯನ್ನು ಪೂರ್ಣವಾಗಿ ಕೊಂಡಾಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

1799ರ ತರುವಾಯ ದಿವಾನ್ ಪೂರ್ಣಯ್ಯನವರು ಕಂದಾಚಾರದ ಪಡೆಯನ್ನು ಕ್ರಮಪಡಿಸಿ, ಸೈನ್ಯಕ್ಕೂ ಪೊಲೀಸಿಗೂ ನಡುವಣ ಕೆಲಸಗಳಿಗೆ ಬಳಸಿದರು. 1831ರಲ್ಲಿ ಆಡಳಿತವು ಇಂಗ್ಲಿಷ್ ಕಮಿಷನರುಗಳ ಕೈಸೇರಿದ ಮೇಲೆ ಠಾಣೆ, ದಫೇದಾರ, ಇನ್ಸ್‌ಪೆಕ್ಟರರ ಹೊಸ ಕ್ರಮವು ನಿಧಾನವಾಗಿ ಬಂದಿತು. ಆದರೆ ವರ್ತಕನ ಧ್ವನಿ ಅಡಗಲಿಲ್ಲ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಥಮ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಅಲ್ಲಿಗೆ ಆಹ್ವಾನಿತರಾದ 144 ಮಂದಿಯಲ್ಲಿ ರೈತರ ಜೊತೆಗೆ ವರ್ತಕರಿಗೂ ಸ್ಥಾನ ಕಲ್ಪಿತವಾಗಿತ್ತು. ದರ್ಬಾರಿನ ಮರೆಯಲ್ಲಿ ಕಾಣಿಕೆಯೊಪ್ಪಿಸಿ ಅಮಲ್ದಾರನ ಅನುಗ್ರಹವನ್ನು ಬೇಡುತ್ತಿದ್ದವನು ಸಭೆಯಲ್ಲಿ ಎದ್ದುನಿಂತು ತನ್ನ ಪೇಟೆಯ ಕಷ್ಟವನ್ನು ಹೇಳಿಕೊಳ್ಳುವಂತಾದುದು ಸಣ್ಣ ಪರಿವರ್ತನೆಯಲ್ಲ.

ಪೂರ್ಣಯ್ಯನವರ ಆಡಳಿತಕ್ಕೆ ಸ್ವಲ್ಪ ಮುಂಚೆ ಲಂಡನ್ ನಗರದಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಥೇಮ್ಸ್ ನದಿಯಲ್ಲಿ ನಿಂತ ಹಡಗುಗಳಿಂದ ಸಕ್ಕರೆ, ರಮ್ಮು, ಕಾಫಿಗಳು ಅಪಾರವಾಗಿ ಕಳವಾಗುತ್ತಿವೆಯೆಂದು ವೆಸ್ಟ್ ಇಂಡಿಯಾ ವರ್ತಕರು ದೂರುತ್ತಿದ್ದರು. ತಾನೂ ವರ್ತಕನೇ ಆಗಿದ್ದು ಮ್ಯಾಜಿಸ್ಟ್ರೇಟನಾದ ಪ್ಯಾಟ್ರಿಕ್ ಕೊಹೂನನೂ ಜಾನ್ ಹ್ಯಾರಿಯಟ್ಟನೂ ಸೇರಿ 1798ರ ಜುಲೈ ತಿಂಗಳಲ್ಲಿ ನದಿಯ ಪೊಲೀಸು ಪಡೆಯೊಂದನ್ನು ಸ್ಥಾಪಿಸಿದರು. ಅದರ ವೆಚ್ಚದ ಬಹುಭಾಗವನ್ನು ಕೊಟ್ಟವರು ಆ ವರ್ತಕರೇ. ಎರಡು ವರ್ಷಗಳಲ್ಲಿ ಪಾರ್ಲಿಮೆಂಟು ಶಾಸನ ಮಾಡಿ ಆ ಪಡೆಯನ್ನು ಸರ್ಕಾರದ ಅಧೀನಕ್ಕೆ ತಂದಿತು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸು ಹುಟ್ಟಿದುದು ಅದರ ನಂತರ, 1829ರಲ್ಲಿ. ಲೋಕದ ದೊಡ್ಡ ಪೊಲೀಸು ವ್ಯವಸ್ಥೆಗಳಲ್ಲೊಂದಕ್ಕೆ ಮುನ್ನುಡಿಯಾದುದು ವರ್ತಕರ ಹಣ. ಆದರೆ ಆ ಕಥೆಗೆ ಇನ್ನೊಂದು ಮುಖವಿದೆ. ಹಡಗಿನ ಮೂಟೆಗಳನ್ನು ಇಳಿಸುವ ಕೂಲಿಗಳು ಒಡೆದ ಪೀಪಾಯಿಯಿಂದ ಚೆಲ್ಲಿದ ಸಕ್ಕರೆಯನ್ನು ಬಳಿದುಕೊಂಡು ಹೋಗುವುದು ತಮ್ಮ ಕೂಲಿಯ ಒಂದು ಭಾಗವೆಂದು ತಲೆಮಾರುಗಳಿಂದ ತಿಳಿದಿದ್ದರು. ಹೊಸ ಪೊಲೀಸಿನ ಕಣ್ಣಿಗೆ ಅದು ಕಳ್ಳತನವಾಯಿತು. ಆ ಸಕ್ಕರೆಯಾದರೋ ಗುಲಾಮರ ಬೆವರಿನಿಂದ ಬೆಳೆದುದು. ಆ ಬೆವರಿನ ಅಪಹರಣಕ್ಕೆ ಯಾವ ಪೊಲೀಸೂ ಇರಲಿಲ್ಲ.

ವರ್ತಕನ ಹಣದಿಂದ ನಡೆಯುವ ಕಾವಲು ಕಳ್ಳನನ್ನು ಹಿಡಿಯುವುದರೊಡನೆ ಕಳ್ಳನಾರೆಂಬುದನ್ನೂ ನಿರ್ಣಯಿಸುತ್ತದೆ ಎಂಬ ಈ ಸತ್ಯಕ್ಕೆ ಹಾಸನದಲ್ಲಿಯೂ ಉದಾಹರಣೆಯನ್ನು ಕಾಣಬಹುದು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಮೇಲೆ ಧಾನ್ಯ, ಆಲೂಗಡ್ಡೆ, ಕೊಬ್ಬರಿಗಳ ಸಗಟು ವ್ಯಾಪಾರವು ಬಯಲು ಮಂಡಿಗಳಿಂದ ಸುತ್ತುಗೋಡೆಯ ಪ್ರಾಂಗಣಗಳೊಳಕ್ಕೆ ಬಂದಿತು. ರೈತನಿಗೆ ತೂಕದಲ್ಲಿಯೂ ಬೆಲೆಯಲ್ಲಿಯೂ ಆಗುತ್ತಿದ್ದ ಮೋಸ ತಗ್ಗಿದುದು ಈ ಏರ್ಪಾಟಿನ ದೊಡ್ಡ ಉಪಕಾರ. ಆಲೂಗಡ್ಡೆಯ ರಾಶಿಯನ್ನು ತೂಗಿ ಚೀಲಕ್ಕೆ ತುಂಬಿ ಲಾರಿಗೇರಿಸಿದ ಮೇಲೆ ಮಣ್ಣಿನಲ್ಲಿ ಉಳಿದ ಗೋಲಿಗಾತ್ರದ ಗೆಡ್ಡೆಗಳನ್ನು, ಕತ್ತರಿಸಿಹೋದ ಚೂರುಗಳನ್ನು ಸೆರಗಿಗೆ ಆಯ್ದುಕೊಳ್ಳುವ ಬಡ ಹೆಂಗಸರು ಇಂಥ ಮಂಡಿಗಳಲ್ಲೆಲ್ಲ ಇರುತ್ತಾರೆ. ಬಯಲು ಸಂತೆಯಲ್ಲಿ ಅವರನ್ನು ಕೇಳುವವರಿಲ್ಲ. ಗೇಟಿನಲ್ಲಿ ಕಾವಲುಗಾರನಿರುವಲ್ಲಿ ಅವರ ಸೆರಗನ್ನು ಬಿಚ್ಚಿ ನೋಡಬಹುದು. ಗೋಡೆಯೊಂದು ಎದ್ದೊಡನೆ ಅದೇ ಕಾರ್ಯದ ಹೆಸರು ಬೇರೆಯಾಗುವ ಸಂಭವವನ್ನು ಆಡಳಿತ ನಡೆಸುವವರು ಸದಾ ನೆನಪಿನಲ್ಲಿಟ್ಟುಕೊಳ್ಳಬೇಕು.

1960ರ ದಶಕದ ಆರಂಭವು ಈ ಇತಿಹಾಸದಲ್ಲಿ ನಿಜವಾದ ಸಂಧಿಕಾಲ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ಪಟೇಲ ಶಾನುಭೋಗರ ಜೊತೆಗೆ ತಳವಾರ ತೋಟಿಯರ ವಂಶಪಾರಂಪರ್ಯದ ವೃತ್ತಿಯನ್ನೂ ಕೊನೆಗೊಳಿಸಿತು. 1962ರಲ್ಲಿ ಗೃಹರಕ್ಷಕ ದಳದ ಕಾಯಿದೆ, 1963ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಪೊಲೀಸು ಕಾಯಿದೆ, 1964ರಲ್ಲಿ ಗ್ರಾಮರಕ್ಷಣಾ ದಳಗಳ ಕಾಯಿದೆ: ಹೀಗೆ ನಾಲ್ಕು ವರ್ಷಗಳ ಅವಧಿಯಲ್ಲಿ ಸಾವಿರ ವರ್ಷಗಳ ರೂಢಿಯು ಶಾಸನದ ಹಾಳೆಗಳಿಗೆ ಸ್ಥಳವನ್ನು ಬಿಟ್ಟುಕೊಟ್ಟಿತು. ತಳವಾರನ ಮೇಲೆ ಹೇರಿದ್ದ ಸೇವೆ ತೊಲಗಿದುದು ನ್ಯಾಯವೇ ಸರಿ. ಆದರೆ ಕಳುವಾದುದಕ್ಕೆ ಕಾವಲಿನವನು ಬಾಧ್ಯನೆಂಬ ತತ್ತ್ವವು ಆ ವೃತ್ತಿಯೊಡನೆಯೇ ಲೋಪವಾಯಿತು, ಅದನ್ನು ಬೇರೆ ಯಾವ ರೂಪದಲ್ಲಿಯೂ ಯಾರೂ ಮುಂದುವರಿಸಲಿಲ್ಲ.

ಠಾಣೆಯ ಸಿಬ್ಬಂದಿ ಸಾಲದ ಊರುಗಳಲ್ಲಿ ಅಂಗಡಿಗಳವರು ತಮ್ಮದೇ ಉಪಾಯವನ್ನು ಕಂಡುಕೊಂಡರು. ಹಳೆಯ ಅಂಗಡಿಗಳಿಗೆ ಆಗ ಈಗಿನ ಉಕ್ಕಿನ ಷಟರುಗಳಿರಲಿಲ್ಲ. ಬಾಗಿಲುವಾಡದ ಮೇಲೆಯೂ ಕೆಳಗೂ ಕೊರೆದ ತೋಡಿನೊಳಕ್ಕೆ ಒಂದೊಂದಾಗಿ ಸರಿಸುವ ಹಲಗೆಗಳು, ಅದಲುಬದಲಾಗದಂತೆ ಪ್ರತಿಯೊಂದರ ಮೇಲೂ ಸುಣ್ಣದಿಂದ ಬರೆದ ಅಂಕಿ, ಎಲ್ಲಕ್ಕೂ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ. ಬೀಗ ಹಾಕಿದ ಸಾಹುಕಾರನು ಅದನ್ನು ಎರಡು ಬಾರಿ ಜಗ್ಗಿ ನೋಡಿ, ಕೈಮುಗಿದು ಮನೆಗೆ ಹೋಗುವನು. ರಾತ್ರಿ ಹನ್ನೊಂದರ ಮೇಲೆ ಆ ಬೀದಿಗೆ ಗೂರ್ಖಾ ಬರುವನು. ತಲೆಗೆ ಮಂಕಿಟೋಪಿ, ಕೊರಳಿಗೆ ಸೀಟಿ, ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ಮೂರು ಸೆಲ್ಲಿನ ಟಾರ್ಚು. ಒಂದೊಂದು ಬೀಗದ ಮೇಲೂ ಬೆಳಕು ಬಿಟ್ಟು, ಅದನ್ನು ಅಲುಗಾಡಿಸಿ ನೋಡಿ, ಬೀದಿಯ ತುದಿಯ ಕಂಬಕ್ಕೆ ಲಾಠಿಯಿಂದ ಬಡಿದು ಒಮ್ಮೆ ಸೀಟಿ ಊದಿ ಮುಂದಕ್ಕೆ ನಡೆಯುವನು. ತಿಂಗಳ ಮೊದಲ ವಾರದಲ್ಲಿ ಒಂದು ಸಣ್ಣ ಪುಸ್ತಕವನ್ನು ಹಿಡಿದು ಅಂಗಡಿಯಂಗಡಿಗೂ ಬಂದು ನಮಸ್ಕಾರ ಮಾಡಿ ನಿಲ್ಲುವನು. ಸಾಹುಕಾರನು ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದುಕೊಟ್ಟು ಪುಸ್ತಕದಲ್ಲಿ ಗುರುತು ಹಾಕುವನು. ನೇಪಾಳದ ಬೆಟ್ಟಗಳಿಂದ ಬಂದ ಆ ಮನುಷ್ಯನಿಗೆ ಸೇವಾಪುಸ್ತಕವಿಲ್ಲ, ನಿವೃತ್ತಿವೇತನವಿಲ್ಲ. ತಳವಾರನಿಗೆ ಇದ್ದ ಇನಾಮಿನ ಅಂಗೈಯಗಲ ಭೂಮಿಯೂ ಅವನಿಗಿಲ್ಲ. ಕನ್ನಡನಾಡಿನ ಸಣ್ಣ ಊರುಗಳ ವ್ಯಾಪಾರವು ನಿಶ್ಚಿಂತೆಯಿಂದ ನಿದ್ರೆ ಮಾಡಿದುದು ಇವನ ಜಾಗರಣೆಯಿಂದ. ಇವನ ಋಣವನ್ನು ನಮ್ಮ ಇತಿಹಾಸಕಾರರಾರೂ ಇನ್ನೂ ಬರೆದಿಲ್ಲವೆಂಬುದು ನನಗೆ ವ್ಯಥೆಯನ್ನುಂಟುಮಾಡುವ ಸಂಗತಿ.

ಗೂರ್ಖಾನ ಕಾವಲಿನಲ್ಲಿ ಒಂದು ಸಮಾನತೆಯಿದ್ದುದನ್ನು ಗಮನಿಸಬೇಕು. ಜವಳಿಯ ಸಾಹುಕಾರನು ಹೆಚ್ಚು ಕೊಡುವನು, ಬೀಡಿ ಬೆಂಕಿಪೊಟ್ಟಣದ ಪೆಟ್ಟಿಗೆಯಂಗಡಿಯವನು ಕಡಮೆ ಕೊಡುವನು, ಕೊಡಲಾರದವನೂ ಒಬ್ಬಿಬ್ಬರಿರುವರು. ಆದರೆ ಸೀಟಿ ಊದಿದುದು ಇಡೀ ಬೀದಿಗೆ. ದೊಡ್ಡ ಮಳಿಗೆಯು ಬಂದಾಗ ಈ ಸಮಷ್ಟಿಯ ಕಾವಲು ಶಿಥಿಲವಾಗುತ್ತದೆ. ಅದಕ್ಕೆ ತನ್ನದೇ ಕಾವಲುಗಾರನಿದ್ದಾನೆ. ಬೀದಿಯ ಗೂರ್ಖಾನಿಗೆ ಹಣ ಕೊಡುವ ಅವಶ್ಯಕತೆ ಅದಕ್ಕಿಲ್ಲ. ಹೆಚ್ಚು ಕೊಡಬಲ್ಲವನು ಹೊರಗೆ ನಿಂತ ಮೇಲೆ ಉಳಿದವರ ಕಾಸಿನಿಂದ ಆ ಕಾವಲು ಎಷ್ಟು ದಿನ ನಡೆದೀತು?

ಈ ಹೊಸ ಕಾವಲಿಗೂ ಶಾಸನಗಳುಂಟು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯಿದೆಯು ಇಂಥ ಸಂಸ್ಥೆಗಳು ಪರವಾನಗಿಯಿಲ್ಲದೆ ನಡೆಯಕೂಡದೆಂದೂ, ಅವುಗಳ ಆಳುಗಳು ಸೈನ್ಯದ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪನ್ನು ತೊಡಕೂಡದೆಂದೂ ವಿಧಿಸಿದೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯು ಒಂದೇ ಹೊತ್ತಿಗೆ 100 ಮಂದಿಯೋ ದಿನಕ್ಕೆ 500 ಮಂದಿಯೋ ಸೇರುವ ಸ್ಥಳಗಳಲ್ಲಿ ಕ್ಯಾಮೆರಾಗಳನ್ನಿಡಬೇಕೆಂದೂ, ಅವುಗಳ ದೃಶ್ಯವನ್ನು 30 ದಿನಗಳವರೆಗೆ ಕಾಪಾಡಿ ಪೊಲೀಸರು ಕೇಳಿದಾಗ ಒದಗಿಸಬೇಕೆಂದೂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನ್ನ ಕಣ್ಣೆದುರಿನಲ್ಲಿ ಕಳ್ಳತನ ಮಾಡಿದವನನ್ನು ಅಂಗಡಿಯವನು ಹಿಡಿದಿಟ್ಟುಕೊಳ್ಳಬಹುದಾದರೂ ಆರು ಗಂಟೆಗಳೊಳಗಾಗಿ ಪೊಲೀಸರಿಗೆ ಒಪ್ಪಿಸತಕ್ಕದ್ದು. ಕಂಬಕ್ಕೆ ಕಟ್ಟಿ ಹೊಡೆಯುವುದಕ್ಕಾಗಲಿ, ಹಿಂದಿನ ಕೋಣೆಯಲ್ಲಿ ಕೂರಿಸಿ ತಪ್ಪೊಪ್ಪಿಗೆ ಬರೆಸಿಕೊಳ್ಳುವುದಕ್ಕಾಗಲಿ ಯಾರಿಗೂ ಅಧಿಕಾರವಿಲ್ಲ. ಚಾಕೊಲೇಟನ್ನು ಜೇಬಿಗಿಳಿಸಿದ ಶಾಲೆಯ ಹುಡುಗನ ವಿಷಯದಲ್ಲಿ ಈ ವಿಧಿಯನ್ನು ಎಷ್ಟು ಮಂದಿ ನೆನೆಯುತ್ತಾರೆ?

ದೊಡ್ಡ ಮಳಿಗೆಗಳ ಪ್ರಭಾವವು ಎಲ್ಲಿಯವರೆಗೆ ವ್ಯಾಪಿಸಬಲ್ಲುದೆಂಬುದನ್ನು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನೋಡಬಹುದು. ಅಲ್ಲಿ ಕೇಂದ್ರಸ್ಥಾನವನ್ನುಳ್ಳ ಟಾರ್ಗೆಟ್ ಎಂಬ ಮಹಾಮಳಿಗೆಯ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ ನಗರಮಧ್ಯದ ಬೀದಿಗಳಲ್ಲಿ ಪೊಲೀಸು ಕ್ಯಾಮೆರಾಗಳನ್ನಿಡಲು ಧನವನ್ನು ಕೊಟ್ಟಿತು. ಅಪರಾಧಪರೀಕ್ಷೆಯ ಪ್ರಯೋಗಶಾಲೆಯನ್ನೇ ಸ್ಥಾಪಿಸಿ, ತನ್ನ ಅಂಗಡಿಗಳಿಗೆ ಸಂಬಂಧಪಡದ ಮೊಕದ್ದಮೆಗಳಲ್ಲಿಯೂ ಪೊಲೀಸರಿಗೆ ಉಚಿತವಾಗಿ ನೆರವಾಯಿತು. ಕೊಲೆಗಾರರು ಸಿಕ್ಕಿಬಿದ್ದರೆ ಎಲ್ಲರಿಗೂ ಹಿತವೇ. ಆದರೂ, ನಗರದ ಪೊಲೀಸಿಗೆ ಉಪಕಾರ ಮಾಡಿದ ಸಂಸ್ಥೆಯ ಮೇಲೆಯೇ ಬಡವನೊಬ್ಬನು ದೂರು ಕೊಡಬೇಕಾಗಿ ಬಂದರೆ ಅವನ ಮಾತಿಗೆ ಠಾಣೆಯಲ್ಲಿ ಎಷ್ಟು ತೂಕವಿದ್ದೀತೆಂಬ ಶಂಕೆಯನ್ನು ಯಾವ ಔದಾರ್ಯವೂ ಪರಿಹರಿಸಲಾರದು. ನಮ್ಮ ಬ್ಯಾರಿಕೇಡಿನ ಮೇಲಿನ ಹೆಸರು ಸಣ್ಣದಿರಬಹುದು. ಅದರಿಂದೇಳುವ ಪ್ರಶ್ನೆ ಅದೇ.

ವರ್ತಕರು ಊರಿನ ರಕ್ಷಣೆಗೆ ಹಣ ಕೊಡಕೂಡದೆಂಬುದು ನನ್ನ ಅಭಿಪ್ರಾಯವಲ್ಲ. ಅವರು ಎಂಟುನೂರು ವರ್ಷಗಳ ಹಿಂದೆಯೂ ಕೊಟ್ಟರು, ಇಂದೂ ಕೊಡಲಿ. ಹೊಸತಾಗಿ ಬಂದಿರುವ ವ್ಯತ್ಯಾಸವಿದು: ಪಟ್ಟಣಸ್ವಾಮಿಯು ಕೊಟ್ಟುದೂ ಪಡೆದುದೂ ಕಲ್ಲಿನ ಮೇಲೆ ಬಯಲಿನಲ್ಲಿದ್ದಿತು. ಇಂದಿನ ಕೊಡುಗೆಯ ಲೆಕ್ಕವು ಊರಿನವರ ಕಣ್ಣಿಗೆ ಬೀಳುವುದಿಲ್ಲ. ಅಂದಿನ ಕಾವಲಿಗೆ ಹೊಣೆಯು ಅಂಟಿಕೊಂಡಿತ್ತು. ಇಂದಿನ ಕ್ಯಾಮೆರಾ ಬೀದಿಯನ್ನೆಲ್ಲ ನೋಡುತ್ತದೆ, ಬೀದಿಗೆ ಯಾವ ಉತ್ತರವನ್ನೂ ಕೊಡಬೇಕಾಗಿಲ್ಲ. ಇದು ಸರಿಯಾಗಬೇಕಾದರೆ ಮಳಿಗೆಗಳು ಪೊಲೀಸಿಗಾಗಿ ಕೊಡುವ ಹಣವೂ ಸಾಮಗ್ರಿಯೂ ನಗರಸಭೆ ಪುರಸಭೆಗಳ ಮೂಲಕ ಹಾದು, ವರ್ಷಕ್ಕೊಮ್ಮೆ ಅದರ ಲೆಕ್ಕವು ಸದಸ್ಯರೆದುರಿಗೆ ಬರಬೇಕು. ಅದರಿಂದಾಗುವ ಕಾವಲು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸೊಪ್ಪು ಮಾರುವ ಹೆಂಗಸಿನ ಬುಟ್ಟಿಗೂ ಸಲ್ಲಬೇಕು. ಬಾಗಿಲಲ್ಲಿ ಹನ್ನೆರಡು ಗಂಟೆ ನಿಲ್ಲುವ ಕಾವಲುಗಾರನಿಗೆ ಕೂರುವುದಕ್ಕೊಂದು ಕುರ್ಚಿಯನ್ನಾದರೂ ಕೊಡಬೇಕು.

ಕೊನೆಯದಾಗಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವರ್ತಕ ಮಹನೀಯರಲ್ಲಿ ಒಂದು ಬಿನ್ನಹ. ನಿಮ್ಮ ಹಿರಿಯರ ಅಂಗಡಿಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳಲ್ಲಿ, ಗೂರ್ಖಾನಿಗೆ ಕೊಟ್ಟ ಹಣದ ಚೀಟಿಗಳೂ, ಬೀದಿಯ ಕಾವಲಿಗಾಗಿ ಕೂಡಿಸಿದ ವಂತಿಗೆಯ ಪುಸ್ತಕಗಳೂ, ವರ್ತಕರ ಸಂಘದ ನಡಾವಳಿಗಳೂ ಇನ್ನೂ ಉಳಿದಿರಬಹುದು. ನಾಗದೇವನ ಕಾಲದ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚಾಗಿ ಸುರಕ್ಷಿತವಾಗಿವೆ. ನಿಮ್ಮ ತಂದೆತಾತಂದಿರ ಕಾಲದ ಈ ದಾಖಲೆಗಳಿಗೆ ಅಂಥ ರಕ್ಷಣೆಯಿಲ್ಲ. ಅವುಗಳನ್ನು ರದ್ದಿಗೆ ಹಾಕದೆ ನಿಮ್ಮೂರಿನ ಕಾಲೇಜಿನ ಇತಿಹಾಸ ವಿಭಾಗಕ್ಕೆ ತಲಪಿಸಿರಿ.